ಕರಾರನ್ನು ರದ್ದುಪಡಿಸುವುದೋ, ಕೊನೆಗೊಳಿಸುವುದೋ: ನೋಟಿಸು ಬರೆಯುವ ಮುನ್ನ ತೀರ್ಮಾನಿಸಬೇಕಾದ ಸಂಗತಿ

ಮಾತಿನಲ್ಲಿ ಎರಡಕ್ಕೂ ನಮಗೆ ಒಂದೇ ಪದ ಸಾಕಾಗುತ್ತದೆ: ‘ಅಗ್ರಿಮೆಂಟ್ ಕ್ಯಾನ್ಸಲ್ ಆಯಿತು.’ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡವರ ಕೈಯಿಂದ ಬಿಡಿಸಿಕೊಂಡು ಬಂದವರೂ ಹೀಗೇ ಹೇಳುತ್ತಾರೆ, ಹತ್ತು ತಿಂಗಳು ಸರಿಯಾಗಿ ನಡೆದು ಆಮೇಲೆ ಕೈಕೊಟ್ಟ ಗುತ್ತಿಗೆದಾರನನ್ನು ಬಿಡಿಸಿದವರೂ ಹೀಗೇ ಹೇಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಇವು ಎರಡು ಬೇರೆ ಕ್ರಿಯೆಗಳು. ಇವುಗಳ ಕಾರಣ ಬೇರೆ, ಪರಿಣಾಮ ಬೇರೆ, ಕೈಗೆ ಬರುವ ಹಣವೂ ಬೇರೆ. ಈ ಲೇಖನದಲ್ಲಿ ಮೊದಲನೆಯದನ್ನು ರದ್ದತಿ ಎಂದೂ ಎರಡನೆಯದನ್ನು ಮುಕ್ತಾಯ ಎಂದೂ ಕರೆಯುತ್ತೇನೆ.

ರದ್ದತಿಯೆಂದರೆ ಕರಾರನ್ನು ಅದು ಹುಟ್ಟಿದ ದಿನದಿಂದಲೇ ಇಲ್ಲವಾಗಿಸುವುದು. ಪಡೆದದ್ದನ್ನು ಎರಡೂ ಕಡೆಯವರು ಮರಳಿಸಿ, ಸಹಿ ಹಾಕುವ ಮುನ್ನ ಎಲ್ಲಿದ್ದರೋ ಅಲ್ಲಿಗೆ ಹಿಂತಿರುಗುವುದು. ಮುಕ್ತಾಯವೆಂದರೆ ಇಂದಿನವರೆಗೆ ನಡೆದದ್ದು ನಡೆದಂತೆಯೇ ಉಳಿದು, ಮುಂದೆ ಮಾಡಬೇಕಾಗಿದ್ದ ಕೆಲಸದಿಂದ ಮಾತ್ರ ಇಬ್ಬರೂ ಬಿಡುಗಡೆ ಹೊಂದುವುದು. ನೇಯ್ದ ಬಟ್ಟೆಯನ್ನು ಎಳೆ ಎಳೆಯಾಗಿ ಬಿಚ್ಚಿ ನೂಲನ್ನು ಅವರವರಿಗೆ ಒಪ್ಪಿಸುವುದು ರದ್ದತಿ. ಇಲ್ಲಿಯವರೆಗೆ ನೇಯ್ದದ್ದನ್ನು ಇಟ್ಟುಕೊಂಡು ಮಗ್ಗದಿಂದ ಕತ್ತರಿಸಿ ತೆಗೆಯುವುದು ಮುಕ್ತಾಯ.

ಇಲ್ಲಿ ವಿವರಿಸುವ ತತ್ತ್ವಗಳು ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಬೆಳೆದು, ಆ ಪರಂಪರೆಯನ್ನು ಅನುಸರಿಸುವ ದೇಶಗಳಲ್ಲಿ ನೆಲೆಯೂರಿದಂಥವು. ಭಾರತದಲ್ಲಿ ಇವುಗಳ ಬಹುಭಾಗವನ್ನು 1872ರ ಕರಾರು ಅಧಿನಿಯಮ ಸಂಹಿತೆಯಾಗಿ ಬರೆದಿಟ್ಟಿದೆ. ನಿಮ್ಮ ಕರಾರಿಗೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಕರಾರಿನ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಹೇಳಿರುತ್ತಾರೆ. ಮೊದಲು ಆ ಸಾಲನ್ನು ಹುಡುಕಿ ಓದಿಕೊಳ್ಳಿ.

ಮೊದಲ ಹೆಜ್ಜೆ: ದೋಷ ಹುಟ್ಟಿನಲ್ಲಿದೆಯೋ, ನಡಿಗೆಯಲ್ಲಿದೆಯೋ?

ಈ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕಂಡುಕೊಂಡರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಬಳಸಿದ ಮುದ್ರಣ ಯಂತ್ರವೊಂದನ್ನು ಕೊಳ್ಳುತ್ತೀರಿ. ಎರಡೇ ವರ್ಷ ಓಡಿದ ಯಂತ್ರ, ಮುಖ್ಯ ಭಾಗಗಳನ್ನು ಬದಲಿಸಿಲ್ಲ ಎಂದು ಮಾರಿದವನು ಹೇಳಿದ್ದನ್ನು ನಂಬಿ ಸಹಿ ಹಾಕುತ್ತೀರಿ. ಯಂತ್ರ ಮನೆ ಸೇರಿದ ಮೇಲೆ ಅದು ಒಂಬತ್ತು ವರ್ಷ ದುಡಿದದ್ದೆಂದು ದಾಖಲೆಯಿಂದ ತಿಳಿಯುತ್ತದೆ. ಇಲ್ಲಿ ದೋಷ ನಿಮ್ಮ ಒಪ್ಪಿಗೆಯಲ್ಲಿಯೇ ಇದೆ. ನಿಜ ತಿಳಿದಿದ್ದರೆ ನೀವು ಸಹಿ ಹಾಕುತ್ತಲೇ ಇರಲಿಲ್ಲ. ಇದು ರದ್ದತಿಯ ದಾರಿ.

ಈಗ ಅದೇ ಯಂತ್ರದ ಬಗ್ಗೆ ಹೇಳಿದ್ದೆಲ್ಲ ನಿಜವೆಂದುಕೊಳ್ಳಿ. ಮಾರಿದವನು ಮೂರು ವರ್ಷ ಪ್ರತಿ ತಿಂಗಳೂ ಬಂದು ನಿರ್ವಹಣೆ ಮಾಡಿಕೊಡುವುದಾಗಿ ಒಪ್ಪಿ, ಹತ್ತು ತಿಂಗಳು ಬಂದು, ಹನ್ನೊಂದನೆಯ ತಿಂಗಳು ಇನ್ನು ಬರುವುದಿಲ್ಲ ಎಂದು ಬರೆದು ತಿಳಿಸುತ್ತಾನೆ. ಈ ಕರಾರು ಹುಟ್ಟಿದ್ದು ಸರಿಯಾಗಿಯೇ, ಎಡವಿದ್ದು ನಡೆಯುವಾಗ. ಇದು ಮುಕ್ತಾಯದ ದಾರಿ.

ಒಪ್ಪಿಗೆಯನ್ನು ಕೆಡಿಸುವ ಕಾರಣಗಳನ್ನು ಭಾರತೀಯ ಅಧಿನಿಯಮ 15ರಿಂದ 18ರವರೆಗಿನ ಪ್ರಕರಣಗಳಲ್ಲಿ (ಸೆಕ್ಷನ್‌ಗಳಲ್ಲಿ) ಹೆಸರಿಸಿದೆ: ಬಲಾತ್ಕಾರ (ಹೆದರಿಸಿ ಒಪ್ಪಿಸುವುದು), ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ (ನಿಜವಲ್ಲದ್ದನ್ನು ನಿಜವೆಂದು ಹೇಳುವುದು). ಇವುಗಳಿಂದ ಹುಟ್ಟಿದ ಕರಾರು ತಾನಾಗಿಯೇ ಬಿದ್ದುಹೋಗುವುದಿಲ್ಲ. ಅದು ಮೋಸಹೋದವರ ಇಚ್ಛೆಗೆ ಬಿಟ್ಟ ಕರಾರು; ಅವರು ಬೇಕೆಂದರೆ ಉಳಿಯುತ್ತದೆ, ಬೇಡವೆಂದರೆ ರದ್ದಾಗುತ್ತದೆ. ಕಾನೂನುಬಾಹಿರ ಉದ್ದೇಶದ ಕರಾರಿನಂತೆ ಮೊದಲಿನಿಂದಲೂ ಶೂನ್ಯವಾದದ್ದು ಬೇರೆ ಜಾತಿ, ಅದನ್ನು ಯಾರೂ ರದ್ದುಪಡಿಸಬೇಕಾಗಿಯೇ ಇಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. 19ನೇ ಪ್ರಕರಣದ ವಿನಾಯಿತಿಯ ಪ್ರಕಾರ, ಒಪ್ಪಿಗೆ ಕೆಟ್ಟದ್ದು ತಪ್ಪು ನಿರೂಪಣೆಯಿಂದ ಅಥವಾ ವಂಚನೆಯೆನಿಸುವ ಮೌನದಿಂದ ಆಗಿದ್ದು, ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ತಿಳಿಯುವ ಸಾಧನ ನಿಮ್ಮ ಕೈಯಲ್ಲೇ ಇತ್ತು ಎಂದಾದರೆ, ರದ್ದತಿಯ ಹಕ್ಕು ಇರುವುದಿಲ್ಲ. ಯಂತ್ರದ ದಾಖಲೆ ಪುಸ್ತಕವನ್ನು ಮಾರಾಟಗಾರ ನಿಮ್ಮ ಮುಂದೆ ಇಟ್ಟಿದ್ದೂ ನೀವು ತೆರೆದು ನೋಡದೆ ಬಿಟ್ಟಿದ್ದರೆ ಆತನ ವಕೀಲರು ಹಿಡಿಯುವುದು ಇದೇ ಎಳೆಯನ್ನು. ಆದ್ದರಿಂದ ನಿಮಗೆ ಏನನ್ನು ಹೇಳಲಾಗಿತ್ತು, ಯಾರು, ಯಾವ ದಿನ, ಯಾವ ಪತ್ರದಲ್ಲಿ ಅಥವಾ ಸಂದೇಶದಲ್ಲಿ ಹೇಳಿದ್ದರು, ನಿಜ ನಿಮಗೆ ಮೊದಲು ತಿಳಿದದ್ದು ಯಾವ ದಿನ ಎಂಬುದನ್ನು ದಿನಾಂಕದ ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ ಕೊನೆಯ ದಿನಾಂಕಕ್ಕೆ ಮುಂದೆ ಬಹಳ ಬೆಲೆ ಬರುತ್ತದೆ.

ಎರಡನೆಯ ಹೆಜ್ಜೆ: ಕರಾರಿನ ಷರತ್ತುಗಳನ್ನು ಓದುವುದು

ಕರಾರಿನಲ್ಲಿ ಮುಕ್ತಾಯದ ಬಗ್ಗೆ ಷರತ್ತು ಇದ್ದರೆ ಅದು ಹೇಳುವ ವಿಧಾನವನ್ನು ಅಕ್ಷರಶಃ ಪಾಲಿಸಬೇಕು. ತಪ್ಪನ್ನು ತಿದ್ದಿಕೊಳ್ಳಲು 30 ದಿನ ಕೊಡಬೇಕೆಂದು ಬರೆದಿದ್ದರೆ 29ನೇ ದಿನ ಕಳಿಸಿದ ಮುಕ್ತಾಯದ ಪತ್ರವೇ ವಿವಾದದ ವಸ್ತುವಾಗುತ್ತದೆ. ನೋಟಿಸನ್ನು ಯಾವ ವಿಳಾಸಕ್ಕೆ, ಯಾವ ರೀತಿಯ ಅಂಚೆಯಲ್ಲಿ, ಯಾರ ಹೆಸರಿಗೆ ಕಳಿಸಬೇಕು ಎಂಬುದೂ ಅಲ್ಲಿಯೇ ಇರುತ್ತದೆ. ರದ್ದತಿಗೆ ಇಂಥ ಷರತ್ತಿನ ಆಧಾರ ಬೇಕಿಲ್ಲ. ಆ ಹಕ್ಕು ಕರಾರಿನಿಂದ ಬರುವುದಲ್ಲ, ಕಾನೂನಿನಿಂದ ಬರುವುದು.

ಮೂರನೆಯ ಹೆಜ್ಜೆ: ಮುಕ್ತಾಯಕ್ಕೆ ತಕ್ಕಷ್ಟು ದೊಡ್ಡ ಉಲ್ಲಂಘನೆಯೇ?

ಜನ ಹೆಚ್ಚಾಗಿ ಕಾಲು ಜಾರುವುದು ಇಲ್ಲಿ. ಎದುರಿನವರು ಕರಾರು ಮುರಿದರು ಎಂಬುದು ನಿಜವಿರಬಹುದು, ಆದರೆ ಪ್ರತಿಯೊಂದು ಉಲ್ಲಂಘನೆಯೂ ಕರಾರನ್ನೇ ಕೊನೆಗೊಳಿಸುವ ಹಕ್ಕನ್ನು ಕೊಡುವುದಿಲ್ಲ. ಸಣ್ಣ ಉಲ್ಲಂಘನೆಗೆ ನಷ್ಟಪರಿಹಾರ ಕೇಳಬಹುದು, ಅಷ್ಟೇ.

ಇದಕ್ಕೆ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ‘ಹಾಂಗ್‌ಕಾಂಗ್ ಫರ್’ ಎಂಬ ಹಡಗಿನ ಮೊಕದ್ದಮೆಯನ್ನು ನೋಡಿ. ಅದರ ತೀರ್ಪು 1962ರ ಇಂಗ್ಲಿಷ್ ವರದಿಗಳಲ್ಲಿ ಪ್ರಕಟವಾಗಿದೆ. ಹಡಗನ್ನು 24 ತಿಂಗಳಿಗೆ ಬಾಡಿಗೆಗೆ ಪಡೆಯಲಾಗಿತ್ತು. ಎಂಜಿನುಗಳು ಹಳೆಯವು, ಅವುಗಳನ್ನು ನೋಡಿಕೊಳ್ಳುವ ಸಿಬ್ಬಂದಿ ಅಸಮರ್ಥರು. ಹಡಗು ಸಮುದ್ರಯಾನಕ್ಕೆ ತಕ್ಕಂತೆ ಇರಲಿಲ್ಲ. ಮೊದಲ ತಿಂಗಳುಗಳಲ್ಲಿಯೇ ಸುಮಾರು 20 ವಾರ ದುರಸ್ತಿಯಲ್ಲಿ ಕಳೆದುಹೋಯಿತು. ಬಾಡಿಗೆದಾರರು ಕರಾರು ಮುಗಿಯಿತೆಂದು ಘೋಷಿಸಿದರು. ನ್ಯಾಯಾಲಯ ಹೇಳಿದ್ದು ಬೇರೆ: ಉಲ್ಲಂಘನೆ ಆಗಿದೆ, ಆದರೆ ಕರಾರಿನಿಂದ ದೊರೆಯಬೇಕಾಗಿದ್ದ ಪ್ರಯೋಜನದ ಬಹುತೇಕ ಭಾಗವೇ ಕೈತಪ್ಪುವಂಥ ಉಲ್ಲಂಘನೆ ಅದಲ್ಲ, ಇನ್ನೂ ಬಹಳ ತಿಂಗಳು ಉಳಿದಿವೆ. ಹೀಗಾಗಿ ಹಡಗು ಕೆಟ್ಟು ತೊಂದರೆಪಟ್ಟ ಬಾಡಿಗೆದಾರರೇ ಕರಾರು ಮುರಿದವರ ಸ್ಥಾನದಲ್ಲಿ ನಿಂತು ಪರಿಹಾರ ಕೊಡಬೇಕಾದವರಾದರು. ಅನ್ಯಾಯಕ್ಕೆ ಒಳಗಾದವರು ಸಿಟ್ಟಿನಲ್ಲಿ ಕಳಿಸಿದ ಒಂದು ಪತ್ರದಿಂದ ತಾವೇ ಅಪರಾಧಿಗಳಾಗುವುದನ್ನು ತಪ್ಪಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯಬೇಕೆನಿಸಿತು.

ಹಾಗಾದರೆ ಎಷ್ಟು ದೊಡ್ಡದಿರಬೇಕು? ಭಾರತೀಯ ಅಧಿನಿಯಮದ 39ನೇ ಪ್ರಕರಣದ ಪ್ರಕಾರ, ಒಂದು ಕಡೆಯವರು ತಮ್ಮ ವಾಗ್ದಾನವನ್ನು ಪೂರ್ತಿಯಾಗಿ ನೆರವೇರಿಸಲು ನಿರಾಕರಿಸಿದರೆ ಅಥವಾ ತಮ್ಮನ್ನು ತಾವೇ ಅಸಮರ್ಥರನ್ನಾಗಿ ಮಾಡಿಕೊಂಡರೆ ಇನ್ನೊಬ್ಬರು ಕರಾರನ್ನು ಕೊನೆಗೊಳಿಸಬಹುದು. ಸಮಯವೇ ಮುಖ್ಯವಾಗಿರಬೇಕೆಂಬುದು ಇಬ್ಬರ ಉದ್ದೇಶವಾಗಿದ್ದಲ್ಲಿ, ಗಡುವು ತಪ್ಪಿದವರ ವಿರುದ್ಧ 55ನೇ ಪ್ರಕರಣ ನೆರವಿಗೆ ಬರುತ್ತದೆ. ಗಡುವು ಬರುವವರೆಗೆ ಕಾಯಲೇಬೇಕೆಂದೂ ಇಲ್ಲ. 1853ರ ಹಾಕ್‌ಸ್ಟರ್ ಮೊಕದ್ದಮೆಯಲ್ಲಿ, ಜೂನ್ 1ರಿಂದ ಪ್ರವಾಸದ ಸಹಾಯಕನಾಗಿ ಬರಬೇಕಾಗಿದ್ದವನಿಗೆ ಮೇ ತಿಂಗಳಲ್ಲಿಯೇ ‘ನೀನು ಬೇಡ’ ಎಂದು ತಿಳಿಸಲಾಗಿತ್ತು; ಜೂನ್ ಬರುವ ಮುನ್ನವೇ ಆತ ಹೂಡಿದ ದಾವೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಸಂದೇಹವಿದ್ದಲ್ಲಿ ನೇರವಾಗಿ ಮುಕ್ತಾಯದ ಪತ್ರ ಕಳಿಸುವ ಬದಲು, ಲೋಪವನ್ನು ವಿವರಿಸಿ, ಸರಿಪಡಿಸಲು ಸಮಂಜಸವಾದ ಗಡುವು ಕೊಟ್ಟು, ತಪ್ಪಿದರೆ ಕರಾರನ್ನು ಕೊನೆಗೊಳಿಸಲಾಗುವುದು ಎಂದು ಮೊದಲ ನೋಟಿಸು ಕಳಿಸುವುದು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಸುರಕ್ಷಿತ. ಅದಕ್ಕೆ ಉತ್ತರ ಬಾರದಿದ್ದರೆ ಆ ಮೌನವೂ ನಿಮ್ಮ ಪರವಾದ ಸಾಕ್ಷ್ಯಗಳಲ್ಲಿ ಒಂದಾಗುತ್ತದೆ.

ನಾಲ್ಕನೆಯ ಹೆಜ್ಜೆ: ನಿಮ್ಮ ನಡತೆಯಿಂದ ಹಕ್ಕು ಕೈತಪ್ಪಿದೆಯೇ?

ದೋಷ ತಿಳಿದ ಮೇಲೂ ಕರಾರು ಚಾಲ್ತಿಯಲ್ಲಿದೆ ಎಂಬಂತೆ ನಡೆದುಕೊಂಡರೆ ನೀವು ಅದನ್ನು ಒಪ್ಪಿದಂತೆಯೇ. 1958ರ ಒಂದು ಇಂಗ್ಲಿಷ್ ತೀರ್ಪಿನಲ್ಲಿ ಲಾರಿ ಕೊಂಡವನೊಬ್ಬ ಮೊದಲ ಪ್ರಯಾಣದಲ್ಲಿಯೇ ದೋಷಗಳನ್ನು ಕಂಡು, ಮಾರಿದವನು ದುರಸ್ತಿಯ ಅರ್ಧ ಖರ್ಚು ಕೊಡಲು ಮುಂದೆ ಬಂದಾಗ ಒಪ್ಪಿಕೊಂಡು, ಲಾರಿಯನ್ನು ಮತ್ತೊಂದು ದೂರದ ಪ್ರಯಾಣಕ್ಕೆ ಕಳಿಸಿದ. ಅದು ಕೆಟ್ಟು ನಿಂತ ಮೇಲೆ ರದ್ದತಿ ಕೇಳಿದರೆ ಕಾಲ ಮೀರಿತ್ತು. ಇನ್ನೊಂದು ಮೊಕದ್ದಮೆ 1950ರದು. 1944ರಲ್ಲಿ ಒಬ್ಬರು ಸಾಲಿಸ್‌ಬರಿ ಕ್ಯಾಥೆಡ್ರಲ್‌ನ ಚಿತ್ರವೊಂದನ್ನು, ಪ್ರಸಿದ್ಧ ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ ಬರೆದದ್ದು ಎಂಬ ಮಾರಾಟಗಾರರ ಮಾತನ್ನು ನಂಬಿ ಕೊಂಡಿದ್ದರು. ಐದು ವರ್ಷಗಳ ನಂತರ ಮಾರಲು ಹೋದಾಗ ಅದು ಆತನದಲ್ಲವೆಂದು ತಿಳಿಯಿತು. ಮಾರಿದವರು ಬೇಕೆಂದು ಸುಳ್ಳು ಹೇಳಿರಲಿಲ್ಲ. ಅಷ್ಟು ಕಾಲ ಕಳೆದ ಮೇಲೆ ರದ್ದತಿ ಸಾಧ್ಯವಿಲ್ಲವೆಂದು ನ್ಯಾಯಾಲಯ ಹೇಳಿತು.

ಮುಕ್ತಾಯಕ್ಕೂ ಇದೇ ಮಾತು ಅನ್ವಯಿಸುತ್ತದೆ ಎಂಬುದನ್ನು 39ನೇ ಪ್ರಕರಣದ ಅಡಿಯಲ್ಲಿರುವ ದೃಷ್ಟಾಂತ ಬಹಳ ಚೆನ್ನಾಗಿ ತೋರಿಸುತ್ತದೆ. ಗಾಯಕಿಯೊಬ್ಬಳು ಎರಡು ತಿಂಗಳ ಕಾಲ ವಾರಕ್ಕೆ ಎರಡು ರಾತ್ರಿ ಹಾಡುವುದಾಗಿ ರಂಗಮಂದಿರದ ವ್ಯವಸ್ಥಾಪಕನೊಡನೆ ಕರಾರು ಮಾಡಿಕೊಳ್ಳುತ್ತಾಳೆ. ಆರನೆಯ ರಾತ್ರಿ ಬೇಕೆಂದೇ ಬರುವುದಿಲ್ಲ. ವ್ಯವಸ್ಥಾಪಕ ಆಗ ಕರಾರನ್ನು ಕೊನೆಗೊಳಿಸಬಹುದು. ಆದರೆ ಏಳನೆಯ ರಾತ್ರಿ ಅವನ ಒಪ್ಪಿಗೆಯಿಂದಲೇ ಅವಳು ಬಂದು ಹಾಡಿದರೆ, ಕರಾರು ಮುಂದುವರಿಯಲೆಂದು ಅವನು ಸೂಚಿಸಿದಂತಾಯಿತು. ಇನ್ನು ಕೊನೆಗೊಳಿಸುವಂತಿಲ್ಲ, ಆರನೆಯ ರಾತ್ರಿಯ ನಷ್ಟಕ್ಕೆ ಪರಿಹಾರವನ್ನಷ್ಟೇ ಕೇಳಬಹುದು. ಒಂದೇ ರಾತ್ರಿಯ ಹಾಡು ಹಕ್ಕನ್ನು ಕಳೆಯಿತು.

ರದ್ದತಿಗೆ ಇನ್ನೆರಡು ಅಡ್ಡಿಗಳುಂಟು. ವಸ್ತು ಸುಟ್ಟುಹೋಗಿ, ಕರಗಿಹೋಗಿ, ಬೇರೊಂದರಲ್ಲಿ ಬೆರೆತುಹೋಗಿ, ಇಬ್ಬರನ್ನೂ ಹಿಂದಿನ ಸ್ಥಿತಿಗೆ ತರಲು ಸಾಧ್ಯವೇ ಇಲ್ಲದಿರಬಹುದು; ಅಥವಾ ನಡುವೆ ಮೂರನೆಯವರೊಬ್ಬರು ಏನೂ ಅರಿಯದೆ, ಬೆಲೆ ಕೊಟ್ಟು, ಪ್ರಾಮಾಣಿಕವಾಗಿ ಆ ವಸ್ತುವನ್ನು ಕೊಂಡಿರಬಹುದು. ಭಾರತದ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 27ನೇ ಪ್ರಕರಣವೂ ಇವುಗಳನ್ನು ರದ್ದತಿ ನಿರಾಕರಿಸುವ ಕಾರಣಗಳಲ್ಲಿ ಸೇರಿಸಿದೆ. ನಿಮ್ಮ ವಸ್ತು ಎದುರಿನವರ ಕೈಯಿಂದ ಜಾರಿ ಹೋಗುವ ಸಂಭವವಿದ್ದರೆ ಒಂದು ದಿನವನ್ನೂ ವ್ಯರ್ಥ ಮಾಡಬಾರದು.

ಐದನೆಯ ಹೆಜ್ಜೆ: ಲೆಕ್ಕ ಹಾಕಿ ನೋಡುವುದು

ರದ್ದತಿಯಲ್ಲಿ ಎರಡು ಕಡೆಯ ಪಟ್ಟಿ ಬೇಕು: ನೀವು ಕೊಟ್ಟದ್ದೇನು, ಪಡೆದದ್ದೇನು. ರದ್ದುಪಡಿಸುವವರು ತಾವು ಪಡೆದ ಪ್ರಯೋಜನವನ್ನು ಮರಳಿಸಬೇಕೆಂದು ಕರಾರು ಅಧಿನಿಯಮದ 64ನೇ ಪ್ರಕರಣ ಹೇಳುತ್ತದೆ. ಯಂತ್ರವನ್ನು ಇಟ್ಟುಕೊಂಡು ಹಣ ವಾಪಸು ಕೇಳುವಂತಿಲ್ಲ. ಅಷ್ಟೇ ಅಲ್ಲ, ಯಂತ್ರ ನಿಮ್ಮಲ್ಲಿದ್ದ ಕಾಲದಲ್ಲಿ ಅದರಿಂದ ಗಳಿಸಿದ ಲಾಭದ ಪ್ರಶ್ನೆಯೂ ಎದ್ದೇಳಬಹುದು.

ಮುಕ್ತಾಯದಲ್ಲಿ ಹಿಂದಿನದನ್ನು ಕೆದಕುವುದಿಲ್ಲ. ನಿರ್ವಹಣೆಯ ಹತ್ತು ತಿಂಗಳಿಗೆ ಹಣ ಸಲ್ಲಬೇಕು, ಉಳಿದ 26 ತಿಂಗಳ ಕೆಲಸವನ್ನು ಬೇರೆಯವರಿಂದ ಮಾಡಿಸಲು ತಗಲುವ ಹೆಚ್ಚಿನ ಖರ್ಚನ್ನು ನಷ್ಟಪರಿಹಾರವಾಗಿ ಕೇಳಬಹುದು. ವ್ಯತ್ಯಾಸದ ತಿರುಳು ಇರುವುದೇ ಇಲ್ಲಿ. ರದ್ದತಿ ನಿಮ್ಮನ್ನು ಕರಾರಿಗೆ ಮುಂಚಿನ ಸ್ಥಿತಿಗೆ ಒಯ್ಯುತ್ತದೆ; ಮುಕ್ತಾಯದ ಜೊತೆಗಿನ ಪರಿಹಾರ ಕರಾರು ಸರಿಯಾಗಿ ನೆರವೇರಿದ್ದರೆ ನೀವು ಇರುತ್ತಿದ್ದ ಸ್ಥಿತಿಗೆ, ಹಣದಿಂದ ಸಾಧ್ಯವಾದಷ್ಟು ಮಟ್ಟಿಗೆ, ಒಯ್ಯುತ್ತದೆ. ಕೆಟ್ಟ ವ್ಯಾಪಾರ ಮಾಡಿಕೊಂಡಿದ್ದವರಿಗೆ ಮೊದಲನೆಯದು ಲಾಭ. ಒಳ್ಳೆಯ ವ್ಯಾಪಾರ ಕೈತಪ್ಪಿದವರಿಗೆ ಎರಡನೆಯದು.

ಎರಡೂ ದಾರಿ ತೆರೆದಿರುವ ಪ್ರಸಂಗಗಳೂ ಉಂಟು. ಯಂತ್ರದ ವಯಸ್ಸಿನ ಬಗ್ಗೆ ಹೇಳಿದ ಸುಳ್ಳು ಕರಾರಿನ ಷರತ್ತಾಗಿಯೂ ಸೇರಿಹೋಗಿದ್ದರೆ ಅದು ತಪ್ಪು ನಿರೂಪಣೆಯೂ ಹೌದು, ಉಲ್ಲಂಘನೆಯೂ ಹೌದು. ಆಗ ಪಟ್ಟಿಗಳನ್ನು ಮುಂದಿಟ್ಟುಕೊಂಡು, ಯಾವ ದಾರಿಯಲ್ಲಿ ಎಷ್ಟು ಬರುತ್ತದೆ ಎಂದು ವಕೀಲರೊಡನೆ ಕುಳಿತು ಲೆಕ್ಕ ಹಾಕಬೇಕು. ಮೂರನೆಯ ದಾರಿಯನ್ನೂ 19ನೇ ಪ್ರಕರಣ ಕೊಡುತ್ತದೆ: ಕರಾರನ್ನು ಉಳಿಸಿಕೊಂಡು, ಹೇಳಿದ ಮಾತು ನಿಜವಾಗಿದ್ದರೆ ತಾವು ಯಾವ ಸ್ಥಿತಿಯಲ್ಲಿರುತ್ತಿದ್ದೆವೋ ಆ ಸ್ಥಿತಿಗೆ ತಮ್ಮನ್ನು ತರಬೇಕೆಂದು ಒತ್ತಾಯಿಸುವುದು.

ಮುಕ್ತಾಯವಾದರೂ ಕೆಲವು ಷರತ್ತುಗಳು ಜೀವಂತವಾಗಿರುತ್ತವೆ ಎಂಬುದನ್ನು ಮರೆಯಬಾರದು. ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸುವ ಷರತ್ತು ಉಲ್ಲಂಘನೆಯಿಂದ ಕರಾರು ಮುಗಿದ ಮೇಲೂ ಉಳಿಯುತ್ತದೆ ಎಂದು ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1942ರಲ್ಲಿಯೇ ಹೇಳಿದೆ. ಗೋಪ್ಯತೆಯ ಷರತ್ತುಗಳು ಸಾಮಾನ್ಯವಾಗಿ ಇದೇ ಸಾಲಿಗೆ ಸೇರುತ್ತವೆ.

ಆರನೆಯ ಹೆಜ್ಜೆ: ನೋಟಿಸಿನ ಮಾತು

ಹಕ್ಕು ಇದ್ದರೆ ಸಾಲದು, ಚಲಾಯಿಸಿದ್ದು ಎದುರಿನವರಿಗೆ ತಿಳಿಯಬೇಕು. ಪ್ರಸ್ತಾವವನ್ನು ತಿಳಿಸುವ ರೀತಿಯಲ್ಲಿಯೇ ರದ್ದತಿಯನ್ನೂ ತಿಳಿಸಬಹುದೆಂದು 66ನೇ ಪ್ರಕರಣ ಹೇಳುತ್ತದೆ. ಎದುರಿನವರು ತಲೆಮರೆಸಿಕೊಂಡಿದ್ದರೆ? ಇಂಗ್ಲೆಂಡಿನಲ್ಲಿ 1960ರ ಜನವರಿಯಲ್ಲಿ ಒಬ್ಬರು ಕಾರು ಮಾರಿ ಚೆಕ್ ಪಡೆದರು. ಚೆಕ್ ನಗದಾಗಲಿಲ್ಲ, ಕೊಂಡವನು ಮಾಯವಾಗಿದ್ದ. ಕೂಡಲೇ ಪೊಲೀಸರಿಗೂ ವಾಹನ ಸಂಘಕ್ಕೂ ತಿಳಿಸಿ ಕಾರು ಹುಡುಕಲು ಕೇಳಿಕೊಂಡದ್ದೇ ರದ್ದತಿಗೆ ಸಾಕಾಯಿತೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಅದು ವಂಚಕನು ಬೇಕೆಂದೇ ತಪ್ಪಿಸಿಕೊಂಡ ಪ್ರಸಂಗ. ವಿಳಾಸ ಗೊತ್ತಿರುವವರಿಗೆ ಬರೆದೇ ತಿಳಿಸಬೇಕು.

ರದ್ದತಿಯ ನೋಟಿಸಿನ ಮುಖ್ಯ ವಾಕ್ಯ ಹೀಗಿರಬಹುದು: ‘ಯಂತ್ರವು ಎರಡು ವರ್ಷ ಮಾತ್ರ ಬಳಕೆಯಾಗಿದೆ ಎಂದು ಇಂಥ ದಿನಾಂಕದ ಪತ್ರದಲ್ಲಿ ತಾವು ನೀಡಿದ ಹೇಳಿಕೆಯನ್ನು ನಂಬಿ ನಾವು ಕರಾರಿಗೆ ಒಪ್ಪಿದ್ದು, ಆ ಹೇಳಿಕೆ ಸುಳ್ಳೆಂದು ಇಂಥ ದಿನ ನಮಗೆ ತಿಳಿದಿರುವುದರಿಂದ, ಸದರಿ ಕರಾರನ್ನು ಅದರ ಆರಂಭದಿಂದಲೇ ಈ ಮೂಲಕ ರದ್ದುಪಡಿಸಿದ್ದೇವೆ, ಯಂತ್ರವನ್ನು ಮರಳಿ ಒಪ್ಪಿಸಲು ಸಿದ್ಧರಿದ್ದೇವೆ, ಸಂದಾಯ ಮಾಡಿದ ಹಣವನ್ನು ಹಿಂತಿರುಗಿಸಬೇಕು.’

ಮುಕ್ತಾಯದ ನೋಟಿಸಿನಲ್ಲಿ ಹೀಗೆ: ‘ನಿರ್ವಹಣೆ ಮುಂದುವರಿಸುವುದಿಲ್ಲವೆಂಬ ತಮ್ಮ ಪತ್ರ ಕರಾರಿನ ನೆರವೇರಿಕೆಯ ನಿರಾಕರಣೆಯಾಗಿರುವುದರಿಂದ, ಇಂದಿನಿಂದ ಅನ್ವಯವಾಗುವಂತೆ ಕರಾರನ್ನು ಕೊನೆಗೊಳಿಸಿದ್ದೇವೆ, ಈವರೆಗೆ ನಮಗೆ ಸಂದ ಹಕ್ಕುಗಳನ್ನೂ ನಷ್ಟಪರಿಹಾರದ ಹಕ್ಕನ್ನೂ ಕಾಯ್ದಿರಿಸಿಕೊಂಡಿದ್ದೇವೆ.’

‘ಆರಂಭದಿಂದಲೇ’ ಎಂಬುದಕ್ಕೂ ‘ಇಂದಿನಿಂದ’ ಎಂಬುದಕ್ಕೂ ಇರುವ ಅಂತರವೇ ಇಡೀ ವಿಷಯ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಿ, ‘ಕರಾರನ್ನು ರದ್ದುಪಡಿಸಿ ಕೊನೆಗೊಳಿಸಿದ್ದೇವೆ’ ಎಂದು ಬರೆಯುವ ಅಭ್ಯಾಸ ಬಹಳ ಕಡೆ ಇದೆ. ಪದ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆಂಬ ನಂಬಿಕೆ ಅದಕ್ಕೆ ಕಾರಣವಿರಬೇಕು. ವಾಸ್ತವವಾಗಿ ಅದು ಎದುರಿನ ವಕೀಲರಿಗೆ ವಾದಕ್ಕೆ ಎಡೆ ಮಾಡಿಕೊಡುತ್ತದೆ.

ಪದಗಳ ಗೊಂದಲಕ್ಕೆ ಹಳೆಯ ಕಾರಣವೊಂದಿದೆ. ಉಲ್ಲಂಘನೆಯಿಂದ ಕರಾರು ಕೊನೆಗಾಣುವುದನ್ನೂ ಹಿಂದೆ ನ್ಯಾಯಾಲಯಗಳು ರದ್ದತಿಯೆಂದೇ ಕರೆಯುತ್ತಿದ್ದವು. ರದ್ದಾದ ಮೇಲೆ ನಷ್ಟಪರಿಹಾರ ಎಲ್ಲಿಂದ ಬಂತು ಎಂಬ ವಾದ ಇದರಿಂದಲೇ ಹುಟ್ಟುತ್ತಿತ್ತು. ಇಂಗ್ಲೆಂಡಿನ ಜಾನ್ಸನ್ ವಿರುದ್ಧ ಆಗ್ನ್ಯೂ ಮೊಕದ್ದಮೆಯಲ್ಲಿ 1979ರಲ್ಲಿ ನ್ಯಾಯಾಧೀಶ ಲಾರ್ಡ್ ವಿಲ್ಬರ್‌ಫೋರ್ಸ್ ಈ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದರು. ಭಾರತೀಯ ಅಧಿನಿಯಮದಲ್ಲಿ ಹಳೆಯ ಬಳಕೆ ಹಾಗೆಯೇ ಉಳಿದಿದೆ. ಅದೇ ಗಾಯಕಿ 65 ಮತ್ತು 75ನೇ ಪ್ರಕರಣಗಳ ದೃಷ್ಟಾಂತಗಳಲ್ಲಿ ಮತ್ತೆ ಬರುತ್ತಾಳೆ. ಅಲ್ಲಿ ವ್ಯವಸ್ಥಾಪಕ ಕರಾರನ್ನು ರದ್ದುಪಡಿಸಿದನೆಂದೇ ಇದೆ. ಆದರೂ ಅವಳು ಹಾಡಿದ ಐದು ರಾತ್ರಿಗಳ ಹಣವನ್ನು ಅವನು ಕೊಡಬೇಕು, ಕರಾರು ನೆರವೇರದೆ ಆದ ನಷ್ಟಕ್ಕೆ ಅವಳಿಂದ ಪರಿಹಾರ ಪಡೆಯಬೇಕು. ಹೆಸರು ರದ್ದತಿಯದು, ಲೆಕ್ಕ ಮುಕ್ತಾಯದ್ದು. ಆದ್ದರಿಂದ ಹಳೆಯ ತೀರ್ಪನ್ನೋ ಅಧಿನಿಯಮವನ್ನೋ ಓದುವಾಗ ಪದಕ್ಕೆ ಅಂಟಿಕೊಳ್ಳದೆ, ಅಲ್ಲಿ ಕರಾರು ಬಿದ್ದ ಕಾರಣವನ್ನು ನೋಡಬೇಕು. ನಿಮ್ಮ ನೋಟಿಸನ್ನು ಬರೆಯುವಾಗ ಮಾತ್ರ ಕಾರಣ ಮತ್ತು ಪರಿಣಾಮ ಎರಡನ್ನೂ ಬಿಡಿಸಿ ಹೇಳಬೇಕು.

ಏಳನೆಯ ಹೆಜ್ಜೆ: ನ್ಯಾಯಾಲಯ, ಅಥವಾ ರಾಜಿ

ಎದುರಿನವರು ಒಪ್ಪದಿದ್ದರೆ ರದ್ದತಿಯ ಘೋಷಣೆಗೆ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಭಾರತದಲ್ಲಿ 1963ರ ಕಾಲಮಿತಿ ಅಧಿನಿಯಮದ 59ನೇ ಅನುಚ್ಛೇದದ ಪ್ರಕಾರ ಇದಕ್ಕೆ ಮೂರು ವರ್ಷಗಳ ಅವಧಿ ಇದೆ. ಅದು ಎಣಿಕೆಯಾಗುವುದು ರದ್ದತಿಗೆ ಕಾರಣವಾದ ಸಂಗತಿಗಳು ನಿಮಗೆ ಮೊದಲು ತಿಳಿದ ದಿನದಿಂದ. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟುಕೊಂಡ ದಿನಾಂಕ ಬೇಕಾಗುವುದು ಇಲ್ಲಿ. ಇಂಗ್ಲೆಂಡಿನಲ್ಲಾದರೆ, ವಂಚನೆಯಿಲ್ಲದ ತಪ್ಪು ನಿರೂಪಣೆಯ ಪ್ರಸಂಗಗಳಲ್ಲಿ ರದ್ದತಿಯ ಬದಲು ಹಣದ ಪರಿಹಾರವನ್ನಷ್ಟೇ ಕೊಡುವ ಅಧಿಕಾರವನ್ನು 1967ರ ಕಾಯ್ದೆ ನ್ಯಾಯಾಲಯಕ್ಕೆ ನೀಡಿದೆ.

ಇಬ್ಬರೂ ಕೂಡಿ ಒಪ್ಪಿ ಕರಾರನ್ನು ಬಿಟ್ಟುಬಿಡುವ ಅವಕಾಶವನ್ನು ಕರಾರು ಅಧಿನಿಯಮದ 62ನೇ ಪ್ರಕರಣ ಕೊಡುತ್ತದೆ. ಬಹಳಷ್ಟು ವಿವಾದಗಳಿಗೆ ಇದೇ ತಕ್ಕ ದಾರಿಯೆಂದು ನಾನು ಭಾವಿಸುತ್ತೇನೆ. ಹಾಗೆ ಬರೆಯುವ ರಾಜಿ ಪತ್ರದಲ್ಲಿ ಕರಾರು ಯಾವ ದಿನಾಂಕದಿಂದ ಇಲ್ಲವಾಗುತ್ತದೆ, ಮುಂಗಡ ಹಣವನ್ನು ಯಾರು ಯಾರಿಗೆ ಯಾವ ದಿನದೊಳಗೆ ಕೊಡಬೇಕು, ವಸ್ತುವನ್ನು ಸಾಗಿಸುವ ಖರ್ಚು ಯಾರದು, ಈಗಾಗಲೇ ಆದ ಕೆಲಸಕ್ಕೆ ಬಾಕಿ ಇದೆಯೇ, ಹಿಂದಿನ ಉಲ್ಲಂಘನೆಗಳಿಗೆ ಪರಿಹಾರ ಕೇಳುವ ಹಕ್ಕನ್ನು ಇಬ್ಬರೂ ಬಿಟ್ಟುಕೊಟ್ಟಿದ್ದಾರೆಯೇ ಎಂಬುದೆಲ್ಲ ಬಿಡಿಬಿಡಿಯಾಗಿ ಇರಬೇಕು. ಮೂಲ ಕರಾರಿನ ಪ್ರತಿಗಳ ಮೇಲೆ ‘ಇಂಥ ದಿನಾಂಕದ ರಾಜಿ ಪತ್ರದ ಪ್ರಕಾರ ಜಾರಿಯಲ್ಲಿಲ್ಲ’ ಎಂದು ಬರೆದು ಇಬ್ಬರೂ ಸಹಿ ಹಾಕಿ, ತಲಾ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಬೇಕು.